ಅಂಜುವ ಹುದ್ದೆ

ಮಗನಿಗೆ ಉಗ್ರಪ್ಪ ಎಂದು ಹೆಸರಿಟ್ಟ ಅಪ್ಪನ ಹತ್ತಿರ ಹೋಗಿ, ಈ ಮಗ ಮುಂದೊಂದು ದಿನ ಅಂಜುವುದಕ್ಕೇ ಸರ್ಕಾರದ ಸಂಬಳ ತೆಗೆದುಕೊಳ್ಳುತ್ತಾನೆ ಎಂದು ಯಾರಾದರೂ ಹೇಳಿದ್ದರೆ ಹೇಳಿದವರ ಹಲ್ಲು ಉದುರುತ್ತಿದ್ದವು. ಏನು ಮಾಡುವುದು, ಹಣೆಬರಹ. ಮೇಲುನಾಡಿನ ಅಧ್ಯಕ್ಷರ ಭವನದಲ್ಲಿ ಉಗ್ರಪ್ಪನ ಕೆಲಸ ಅದೇ ಆಗಿತ್ತು. ಬೆಳಿಗ್ಗೆ ಹೋಗಿ ಅಧ್ಯಕ್ಷೆ ನೀಲಾಂಬಿಕೆಯವರ ಎದುರು ಕೂರಬೇಕು. ಎಡಗೈ ಮಣಿಕಟ್ಟಿಗೆ ಪಟ್ಟಿ ಬಿಗಿಸಿಕೊಳ್ಳಬೇಕು. ಯುದ್ಧದ ಸುದ್ದಿಯನ್ನು ಒಂದೂ ಬಿಡದೆ ಕೇಳಬೇಕು. ಕೇಳಿ ಮನಸಾರೆ ಹೆದರಬೇಕು. ಅವನ ಹೆದರಿಕೆ ಪಟ್ಟಿಯಿಂದ ತಂತಿಗುಂಟ ಹರಿದು, ಅಧ್ಯಕ್ಷೆಯ ಮೇಜಿನ ಮೇಲಿನ ಗಾಜಿನ ಡಬ್ಬಿಯೊಳಗೆ ಒಂದು ಮುಳ್ಳನ್ನು ಆಡಿಸುತ್ತಿತ್ತು. ಮುಳ್ಳು ಬಿಳಿಯಲ್ಲಿದ್ದರೆ ಅಧ್ಯಕ್ಷೆ ತಮಗೆ ತೋಚಿದ್ದು ಮಾಡಬಹುದು. ಕೆಂಪಿಗೆ ಹೋದರೆ ದಾಳಿಗೆ ಆಜ್ಞೆ ಕೊಡುವಂತಿಲ್ಲ, ಸಂಧಾನ ಮುರಿಯುವಂತಿಲ್ಲ. ಇದು ಕಾನೂನು.

ಇಂಥ ಕಾನೂನು ಬಂದದ್ದು ದನಿಗನ್ನಡಿಯಿಂದ. ಅದೊಂದು ಪುಟ್ಟ ಯಂತ್ರ. ಮನುಷ್ಯ ಹೆದರಿದಾಗ ಅವನ ಗಂಟಲು ಕಿವಿಗೆ ತಿಳಿಯದಷ್ಟು ಸಣ್ಣಗೆ ನಡುಗುತ್ತದೆ. ಆ ನಡುಕವನ್ನು ಟೆಲಿಫೋನಿನಲ್ಲೇ ಹಿಡಿದು, ಮಾತಾಡುವವರ ಎದೆಯಲ್ಲಿ ಎಷ್ಟು ಭಯವಿದೆ ಎಂದು ಅದು ತೋರಿಸುತ್ತದೆ. ಮೊದಲು ಕಂಡುಹಿಡಿದವರು ಪಕ್ಕದ ಮೂಡಣ ಒಕ್ಕೂಟದವರು. ಮೇಲುನಾಡಿನ ಹಿಂದಿನ ಅಧ್ಯಕ್ಷರು ಗಡಿಯ ಮಾತುಕತೆಯಲ್ಲಿ 'ನಾವು ಎಲ್ಲಕ್ಕೂ ಸಿದ್ಧ' ಎಂದು ಗುಡುಗಿದರು. ಆ ಕಡೆಯ ಯಂತ್ರ ಅವರ ಪುಕ್ಕಲುತನವನ್ನು ಬಯಲು ಮಾಡಿತು. ಒಂದು ಕಣಿವೆಯೇ ಕೈಬಿಟ್ಟು ಹೋಯಿತು. ಆಮೇಲೆ ಮೇಲುನಾಡಿನವರೂ ದನಿಗನ್ನಡಿ ಮಾಡಿಕೊಂಡರು. ಅದರ ಬೆನ್ನಿಗೇ ಎರಡೂ ಕಡೆಯ ವೈದ್ಯರು 'ಅಭಯ' ಎಂಬ ಮದ್ದು ತಂದರು. ಕಿವಿಯ ಹಿಂದೆ ಒಂದು ಸೂಜಿ ಚುಚ್ಚಿದರೆ ಮಿದುಳಿನಲ್ಲಿ ಭಯ ಹುಟ್ಟುವ ಬಾದಾಮಿಯಷ್ಟು ಜಾಗ ನಿದ್ದೆಹೋಗುತ್ತದೆ. ಯುದ್ಧ ಮುಗಿಯುವವರೆಗೆ ನಾಯಕರಿಗೆ ವಾರಕ್ಕೊಂದು ಸಲ. ದನಿಯಲ್ಲಿ ನಡುಕವಿಲ್ಲ, ಶತ್ರುವಿಗೆ ಗುಟ್ಟು ಸಿಗುವುದಿಲ್ಲ.

ಆದರೆ ಭಯವೇ ಇಲ್ಲದವರಿಗೆ ದೇಶ ಒಪ್ಪಿಸುವುದೆಂದರೆ ಮಂಗನ ಕೈಗೆ ಕೊಳ್ಳಿ ಕೊಟ್ಟ ಹಾಗೆ ಎಂದು ಸಂಸತ್ತಿನಲ್ಲಿ ಯಾರೋ ಹಿರಿಯರು ಎದ್ದು ಹೇಳಿದರಂತೆ. ಹಾಗಾಗಿ ಅಧ್ಯಕ್ಷರ ಪರವಾಗಿ ಹೆದರಲು ಒಬ್ಬ ಸಲಹೆಗಾರ ಬೇಕೆಂದಾಯಿತು. ಹಲ್ಲಿ ಜಿರಲೆಗೆಲ್ಲ ಹಾರಿಬೀಳುವವನಲ್ಲ, ಅಪಾಯ ಎಷ್ಟಿದೆಯೋ ಅಷ್ಟೇ ಹೆದರುವವನು. ಉಗ್ರಪ್ಪ ಅರ್ಧ ಆಯುಷ್ಯ ಕಾರ್ಖಾನೆಗಳ ಬಾಯ್ಲರ್ ತಪಾಸಣೆ ಮಾಡಿದವನು. ಸಿಡಿಯಲಿರುವ ಬಾಯ್ಲರಿನ ಹತ್ತಿರ ಅವನ ಅಂಗೈ ಬೆವರುತ್ತಿತ್ತು, ಸಿಡಿಯದ್ದರ ಹತ್ತಿರ ಬೆವರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅವನೇ ಮೊದಲು ಬಂದ.

ಕಾನೂನು ಬರೆದವರು ಸಂಸಾರ ಕಂಡವರೇ ಇರಬೇಕು, ಅದಕ್ಕೆ ಇನ್ನೊಂದು ಮಾತು ಸೇರಿಸಿದ್ದರು. ಅಂಜುವ ಸಲಹೆಗಾರ ಮಧ್ಯಾಹ್ನದ ಊಟಕ್ಕೆ ದಿನವೂ ಮನೆಗೆ ಹೋಗಲೇಬೇಕು, ಹೆಂಡತಿ ಮಕ್ಕಳ ಜೊತೆ ಕೂತು ಉಣ್ಣಲೇಬೇಕು. ಕಳೆದುಕೊಳ್ಳುವುದಕ್ಕೆ ತನಗೆ ಏನಿದೆ ಎಂದು ದಿನವೂ ಕಣ್ಣಾರೆ ನೋಡದವನಿಗೆ ಸರಿಯಾಗಿ ಹೆದರಲು ಬರುವುದಿಲ್ಲ. ಒಳ್ಳೆಯ ನಿಯಮ. ಎಡವಟ್ಟಾದದ್ದೂ ಅದರಿಂದಲೇ.

ಆ ದಿನ ಬೆಳಿಗ್ಗೆ ಮುಳ್ಳು ಬಿಳಿಯ ತುದಿಯಲ್ಲಿ ಅಲುಗದೆ ಮಲಗಿತ್ತು.

"ಏನು ಉಗ್ರಪ್ಪನವರೇ, ನಾಲ್ಕು ದಿನದಿಂದ ನಮ್ಮ ಮುಳ್ಳು ಏಳ್ತಾನೇ ಇಲ್ಲ?" ನೀಲಾಂಬಿಕೆ ಡಬ್ಬಿಯ ಗಾಜನ್ನು ಉಗುರಿನಿಂದ ತಟ್ಟಿದರು. ಐವತ್ತೈದು ದಾಟಿದ ಹೆಂಗಸು, ಹಿಂದೆ ವಕೀಲಿ ಮಾಡುತ್ತಿದ್ದವರು. ಯುದ್ಧಕ್ಕೆ ಮುಂಚೆ ವಿಮಾನ ಹತ್ತಲು ಹೆದರಿ ರೈಲಿನಲ್ಲೇ ಓಡಾಡುತ್ತಿದ್ದರು. ಅಭಯ ತೆಗೆದುಕೊಂಡ ಮೇಲೆ, ಹೋದ ಸಲ ಬಾಂಬ್ ಬಿದ್ದಾಗ ತಾರಸಿ ಮೇಲೆ ನಿಂತು ಬೆಂಕಿ ನೋಡಿದ್ದರು. ಯಾಕೆ ಎಂದರೆ 'ಚೆನ್ನಾಗಿತ್ತು' ಎಂದಿದ್ದರು.

"ಯಾಕೋ ಅಮ್ಮಾವ್ರೇ, ಮನಸ್ಸು ತಣ್ಣಗಿದೆ. ನಿದ್ದೆ ಚೆನ್ನಾಗಿ ಬರ್ತಿದೆ" ಎಂದ ಉಗ್ರಪ್ಪ. ಹೇಳುವಾಗ ಒಳಗೊಳಗೇ ಹೆಮ್ಮೆಯಾಯಿತು. ಅಪ್ಪ ಇಟ್ಟ ಹೆಸರು ಕಡೆಗೂ ಕೂಡಿಬಂತೇನೋ ಅನ್ನಿಸಿತು.

"ಒಳ್ಳೇದಾಯ್ತು. ಕೇಳಿ, ಇವತ್ತು ಸಂಜೆ ವಲ್ಲಭ ಫೋನ್ ಮಾಡ್ತಾನೆ. ಗಡಿಯ ಜಂಬುಗುಡ್ಡದಿಂದ ನಮ್ಮ ಸೈನ್ಯ ವಾಪಸ್ ಬರಬೇಕಂತೆ. ಇಲ್ಲದಿದ್ದರೆ ಹೊತ್ತು ಮುಳುಗಿದ ಮೇಲೆ ಕೊಳಗನೂರಿನ ಮೇಲೆ ಉಸಿರುಗಳ್ಳ ಹಾಕ್ತಾನಂತೆ."

ವಲ್ಲಭ ಮೂಡಣ ಒಕ್ಕೂಟದ ಮುಖ್ಯಸ್ಥ. ಉಸಿರುಗಳ್ಳ ಅವನ ಹೊಸ ಬಾಂಬು. ಸದ್ದಿಲ್ಲ, ಬೆಂಕಿಯಿಲ್ಲ; ಬಿದ್ದ ಜಾಗದ ಸುತ್ತ ಗಾಳಿಯಲ್ಲಿನ ಪ್ರಾಣವಾಯುವನ್ನು ಕುಡಿದುಬಿಡುತ್ತದೆ. ಯುದ್ಧದ ಮೊದಲ ತಿಂಗಳು ಬಿಲ್ಲಹಳ್ಳಿ ಎಂಬ ಊರಿನ ಮೇಲೆ ಒಂದು ಬಿದ್ದಿತ್ತು. ಹೋಗಿ ನೋಡಿದರೆ ಜನ ಕೂತಲ್ಲೇ ಕೂತಿದ್ದರು. ಜಗಲಿಯ ಮೇಲೆ ಹೆಂಗಸೊಬ್ಬಳ ಮಡಿಲಲ್ಲಿ ಅರ್ಧ ಬಿಡಿಸಿದ ಅವರೆಕಾಯಿ ಹಾಗೇ ಇತ್ತು. ಕೊಳಗನೂರು ಮೇಲುನಾಡಿನ ರಾಜಧಾನಿ, ಸುತ್ತ ಗುಡ್ಡ, ನಡುವೆ ಕೊಳಗದ ತಳದಂತೆ ಊರು. ಇಲ್ಲಿ ಬಿದ್ದರೆ ಹೊಸ ಗಾಳಿ ಒಳಗೆ ಬರಲು ಹಾದಿಯೇ ಇಲ್ಲ. ಬಿಲ್ಲಹಳ್ಳಿಯ ಚಿತ್ರ ನೋಡಿದ ದಿನ ಉಗ್ರಪ್ಪನಿಗೆ ವಾಂತಿಯಾಗಿತ್ತು; ಮುಳ್ಳು ಕೆಂಪಿನ ಕೊನೆಗೆ ಬಡಿದು ಬಾಗಿತ್ತು. ಈಗ ಅದೇ ಚಿತ್ರ ನೆನಪಾಯಿತು. ಅವರೆಕಾಯಿ ಕಾಲ ಮುಗಿಯಿತಲ್ಲ ಎಂದುಕೊಂಡ.

"ನಡುವೆ ಸಂಧಾನಕ್ಕೆ ನಿಂತಿರೋ ಬಡಗಣ ದೇಶದ ರಾಯಭಾರಿ ಬೆಳಿಗ್ಗೆ ಬಂದಿದ್ದ" ಎಂದರು ಅಧ್ಯಕ್ಷೆ. "ಗುಡ್ಡ ಬಿಟ್ಟುಕೊಡಿ, ಉಳಿದದ್ದು ನಾನು ನೋಡ್ಕೋತೀನಿ ಅಂದ. ನೀವೇನಂತೀರಿ?"

"ಜನ ಏನಂತಾರೆ ಅಮ್ಮಾವ್ರೇ?"

"ಜನಾನಾ? ಕಿಟಕಿ ಹತ್ರ ಹೋಗಿ ನೋಡಿ."

ಗೇಟಿನಾಚೆ ಎರಡು ಗುಂಪು. ಎಡಗಡೆ, ಜಂಬುಗುಡ್ಡದಲ್ಲಿರುವ ಸೈನಿಕರ ತಾಯಂದಿರು, ಮಕ್ಕಳ ಫೋಟೋ ಎದೆಗೆ ಹಿಡಿದವರು. ಬಲಗಡೆ, 'ಅಂಜುಬುರುಕನ ಕೈಯಲ್ಲಿ ದೇಶ' ಎಂದು ಬಟ್ಟೆಯ ಮೇಲೆ ಬರೆದು ಕಟ್ಟಿದವರು. ಈ ಎರಡನೆಯವರು ಉಗ್ರಪ್ಪನ ಮನೆಗೆ ದಿನಕ್ಕೊಂದು ಪೊಟ್ಟಣದಲ್ಲಿ ಬಳೆ ಕಳಿಸುತ್ತಿದ್ದರು. ಗಾಜಿನ ಬಳೆ, ತೊಟ್ಟುಕೋ ಎಂದು. ಹೋದ ವಾರ ಅವನು ಅದನ್ನು ನೋಡಿ ಊಟ ಬಿಟ್ಟಿದ್ದ.

"ಒಬ್ಬರು ನನ್ನನ್ನ ಕಲ್ಲು ಅಂತಾರೆ, ಇನ್ನೊಬ್ಬರು ನಿಮ್ಮ ಸೆರಗು ಹಿಡಿದವಳು ಅಂತಾರೆ" ಎಂದು ನೀಲಾಂಬಿಕೆ ನಕ್ಕರು. ಆಮೇಲೆ ನಗು ನಿಲ್ಲಿಸಿ ಆ ತಾಯಂದಿರ ಕಡೆ ನೋಡಿದರು. "ಅವರು ಅಳೋದು ಕಾಣ್ತದೆ ಉಗ್ರಪ್ಪನವರೇ. ಯಾಕೆ ಅಳ್ತಾರೆ ಅನ್ನೋದೂ ಗೊತ್ತು. ಆದರೆ ಆ ಗೊತ್ತು ಇಲ್ಲಿಗೆ ಇಳಿಯಲ್ಲ" ಎಂದು ಎದೆ ಮುಟ್ಟಿಕೊಂಡರು. "ಅದಕ್ಕೇ ನೀವಿರೋದು. ನೀವು ಹೆದರಿದರೆ ನಾನು ನಿಲ್ತೀನಿ. ಹೆದರಿಲ್ಲ ಅಂದ್ರೆ ವಲ್ಲಭ ಬರೀ ಬೊಗಳ್ತಿದ್ದಾನೆ ಅಂತ ಅರ್ಥ. ಸಂಜೆ ಆಗಲ್ಲ ಅಂದುಬಿಡ್ತೀನಿ. ಸರಿನಾ?"

"ಸರಿ" ಎಂದ ಉಗ್ರಪ್ಪ. ಪಟ್ಟಿ ಬಿಚ್ಚಿಟ್ಟು ಊಟಕ್ಕೆ ಹೊರಟ.

ಊರು ಬದಲಾಗಿದ್ದು ಅವನ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ. ಭವನಕ್ಕಷ್ಟೇ ಎಂದು ತಯಾರಾದ ಅಭಯ ಹೇಗೋ ಹೊರಗೆ ಸೋರಿ, ನೀರು ಬೆರೆತು, ಮೆಡಿಕಲ್ ಶಾಪಿನಲ್ಲಿ ಹನಿಗಳಾಗಿ ಮಾರಾಟವಾಗುತ್ತಿತ್ತು. ಸೈರನ್ ಕೂಗಿದಾಗೆಲ್ಲ ಚೀರುವ ಮಕ್ಕಳಿಗೆ ಎರಡು ಹನಿ ಹಾಕಿದರೆ ಸಾಕು, ತಣ್ಣಗೆ ಮಲಗುತ್ತಿದ್ದವು. ದೊಡ್ಡವರೂ ಶುರುಮಾಡಿದರು. ಸರ್ಕಾರ ಕಂಡೂ ಕಾಣದಂತಿತ್ತು, ಹೆದರದ ಜನ ಗಲಾಟೆಯನ್ನೂ ಕಡಿಮೆ ಮಾಡುತ್ತಾರಲ್ಲ. ಈಗ ಜನ ಬಸ್ಸಿನ ಮುಂದೆ ಆರಾಮಾಗಿ ರಸ್ತೆ ದಾಟುತ್ತಿದ್ದರು. ಬಜ್ಜಿ ಅಂಗಡಿಯವನು ಮಾತಾಡುತ್ತ ಮಾತಾಡುತ್ತ ಕಾದ ಎಣ್ಣೆಗೆ ಬೆರಳು ಅದ್ದಿದ್ದನ್ನು ಉಗ್ರಪ್ಪನೇ ನೋಡಿದ್ದ. ಮೂಲೆಯ ಗಾಳಿಮನೆ, ಅಂದರೆ ಬಾಂಬ್ ಬಿದ್ದರೆ ಓಡಿಹೋಗಿ ಬಾಗಿಲು ಹಾಕಿಕೊಂಡು ಸಿಲಿಂಡರಿನ ಗಾಳಿ ಉಸಿರಾಡುವ ಸರ್ಕಾರಿ ಕೋಣೆ, ಅದರ ಮೆಟ್ಟಿಲ ಮೇಲೆ ಯಾರೋ ಹಪ್ಪಳ ಒಣಹಾಕಿದ್ದರು.

ಮನೆಯಲ್ಲಿ ಹಾಲಮ್ಮ ತಟ್ಟೆ ಹಾಕಿ ಕಾಯುತ್ತಿದ್ದಳು. ಮುದ್ದೆ, ಹುರುಳಿಕಾಳಿನ ಸಾರು, ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ. ಅವಳ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ.

"ಇದೇನೇ, ಅವರು ಕಳಿಸಿದ್ದನ್ನ ಹಾಕ್ಕೊಂಡಿದೀಯಾ?"

"ಒಳ್ಳೇ ಬಳೆ ಕಣ್ರೀ. ಬೈಯೋಕೆ ಕಳಿಸಿದ್ರೂ ಬಳೆ ಬಳೆನೇ ಅಲ್ವಾ. ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಮೊದ್ಲು ಮಜ್ಜಿಗೆ ಕುಡೀರಿ."

ಕುಡಿದ. ಮುದ್ದೆ ಮುರಿದು ಸಾರಿಗೆ ಅದ್ದಿದ. ಅಷ್ಟರಲ್ಲಿ ಸೈರನ್ ಕೂಗಿತು. ಹಾಲಮ್ಮ ಧಡಕ್ಕನೆ ಎದ್ದು "ಹೊನ್ನೀ!" ಎಂದು ಕೂಗುತ್ತ ಹಿತ್ತಿಲಿಗೆ ಓಡಿದಳು. ಉಗ್ರಪ್ಪ ಕಿಟಕಿಯಾಚೆ ನೋಡಿದ. ಎದುರಿನ ಮೂರು ಅಂತಸ್ತಿನ ಕಟ್ಟಡದ ತಾರಸಿಯಲ್ಲಿ, ಅಂಚಿನ ಮೋಟುಗೋಡೆಯ ಮೇಲೆ, ಅವರ ಹತ್ತು ವರ್ಷದ ಮಗಳು ಹೊನ್ನಿ ಕೂತಿದ್ದಳು. ಕಾಲು ಎರಡನ್ನೂ ಹೊರಗೆ ಇಳಿಬಿಟ್ಟಿದ್ದಳು. ವಿಮಾನ ಎಲ್ಲಿಂದ ಬರುತ್ತದೆ ಎಂದು ನೋಡಲು ಮುಂದಕ್ಕೆ ಬಾಗಿ, ಒಂದು ಕೈ ಹಣೆಗೆ ಹಿಡಿದಿದ್ದಳು. ಒಂದು ಚಪ್ಪಲಿ ಕಳಚಿ ಕೆಳಗೆ ಬಿತ್ತು. ಬಿದ್ದ ಸದ್ದು ಬರಲು ಎಷ್ಟೋ ಹೊತ್ತಾಯಿತು.

ಉಗ್ರಪ್ಪ ಇನ್ನೊಂದು ತುತ್ತು ಮುರಿದ. ಚಪ್ಪಲಿ ಹೊಸದು, ಕಿತ್ತುಹೋಗದಿದ್ದರೆ ಸಾಕು ಎಂದುಕೊಂಡ.

ಹಿತ್ತಿಲಲ್ಲಿ ಮಗಳು ಕಾಣದೆ ಹಾಲಮ್ಮ ಬೀದಿ ದಾಟಿ, ಮೆಟ್ಟಿಲು ಹತ್ತಿ, ಹಿಂದಿನಿಂದ ಮಗಳ ಸೊಂಟ ಹಿಡಿದು ಒಳಗೆ ಎಳೆದುಕೊಂಡದ್ದು, ಇಬ್ಬರೂ ಮೋಟುಗೋಡೆಯ ಹಿಂದೆ ಮರೆಯಾದದ್ದು ಎಲ್ಲವೂ ಅವನಿಗೆ ಕಾಣಿಸಿತು. ಆಗ ಅವನ ತುತ್ತು ಬಾಯಿಯ ಹತ್ತಿರ ನಿಂತಿತು. ಬಾಯ್ಲರ್ ತಪಾಸಣೆಯ ಹಳೆಯ ಬುದ್ಧಿ ಎಲ್ಲೋ ಒಂದು ಮೂಲೆಯಲ್ಲಿ ಇನ್ನೂ ಕೆಲಸ ಮಾಡುತ್ತಿತ್ತು. ಒಲೆ ಧಗಧಗ ಉರಿಯುತ್ತಿದ್ದು ಒತ್ತಡದ ಮುಳ್ಳು ಸೊನ್ನೆಯಲ್ಲಿದ್ದರೆ ಬಾಯ್ಲರ್ ಸರಿಯಿದೆ ಎಂದಲ್ಲ. ಮುಳ್ಳು ಕೆಟ್ಟಿದೆ ಎಂದು.

ಅಂಗೈ ನೋಡಿಕೊಂಡ. ಒಣಗಿತ್ತು.

ಸೈರನ್ ನಿಂತ ಮೇಲೆ ಹಾಲಮ್ಮ ಮಗಳನ್ನು ರಟ್ಟೆ ಹಿಡಿದು ಕರೆತಂದಳು. ಅವಳು ಅಳುತ್ತಿದ್ದಳು, ಬಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಹೊನ್ನಿ ಮಾತ್ರ "ಯಾಕವ್ವ ಅಳ್ತೀಯಾ, ಇವತ್ತು ಒಂದೂ ಬರ್ಲಿಲ್ಲ" ಎಂದಳು.

"ಹಾಲಮ್ಮ, ಮಜ್ಜಿಗೆಗೆ ಏನು ಹಾಕಿದೆ?"

ಅವಳು ಮಗಳ ಕೆದರಿದ ಜಡೆ ಸರಿಮಾಡತೊಡಗಿದಳು.

"ಹೇಳು."

"ಹನಿ" ಎಂದು ಅಲ್ಲೇ ಗೋಡೆಗೊರಗಿ ಕೂತಳು. "ನೀವು ರಾತ್ರಿಯೆಲ್ಲ ಎದ್ದು ಕೂರ್ತಿದ್ರಿ. ಕೈ ನಡುಗಿ ಲೋಟ ಹಿಡಿಯೋಕೆ ಆಗ್ತಿರ್ಲಿಲ್ಲ. ಬೀದೀಲಿ ಹೋದ್ರೆ ಪುಕ್ಕಲನ ಹೆಂಡ್ತಿ ಅಂತ ಉಗೀತಾರೆ. ನನ್ನ ಗಂಡ ಇನ್ನು ಎಷ್ಟು ದಿನ ಬದುಕ್ತಾನೆ ಅನ್ನಿಸ್ತು. ಮಗೂಗೆ ಅಂತ ತಂದಿದ್ದೆ, ನನ್ನ ಪಾಲಿಂದು ನಿಮಗೆ ಹಾಕಿದೆ. ನಾಲ್ಕು ದಿನ ಆಯ್ತು. ತಪ್ಪಾಯ್ತಾ?"

ಗಂಡ ಬೈಯಲಿಲ್ಲ. ಬೈಯಬೇಕಾದರೆ ತನ್ನನ್ನೇ ಬೈದುಕೊಳ್ಳಬೇಕಿತ್ತು. ಭಯ ಹೋದದ್ದು ಗೊತ್ತಾದರೂ ಅದನ್ನು ಧೈರ್ಯ ಎಂದು ತಿಳಿದು ಬೀಗಿದವನು ಅವನೇ.

"ನೀನು ಕುಡಿದಿಲ್ಲವಾ?"

"ನಂಗೆಲ್ಲಿ ಉಳೀತು?"

"ಹಾಗಾದರೆ ಏಳು. ಹೊನ್ನೀನ ಪಕ್ಕದ ಮನೇಲಿ ಬಿಡು, ಬಾಗಿಲು ಹಾಕ್ಕೊಳ್ಳೋಕೆ ಹೇಳು. ನೀನು ನನ್ನ ಜೊತೆ ಬಾ."

ಭವನ ತಲುಪುವ ಹೊತ್ತಿಗೆ ಬಿಸಿಲು ಹಳದಿಯಾಗಿತ್ತು. ಉಗ್ರಪ್ಪ ನಡೆದದ್ದನ್ನೆಲ್ಲ ಹೇಳಿದ. ನೀಲಾಂಬಿಕೆ ಗಮನವಿಟ್ಟು ಕೇಳಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿಯಂತೂ ಇರಲು ಸಾಧ್ಯವೇ ಇರಲಿಲ್ಲ.

"ನೀವು ಈಗ ಹೆದರಿದ್ದೀರಾ?"

"ಇಲ್ಲ ಅಮ್ಮಾವ್ರೇ. ಹೆದರಬೇಕು ಅಂತ ಗೊತ್ತು. ಹೆದರಿಕೆ ಬರ್ತಿಲ್ಲ."

"ಗೊತ್ತು ಅನ್ನೋದು ನನಗೂ ಇದೆ. ಅದು ಸಾಲದು ಅಂತಲೇ ತಾನೆ ಕಾನೂನು ಮಾಡಿದ್ದು?" ಅವರು ಹಾಲಮ್ಮನ ಕಡೆ ತಿರುಗಿದರು. "ಕಾನೂನಿನಲ್ಲಿ ಉಗ್ರಪ್ಪ ಅಂತ ಹೆಸರು ಬರೆದಿಲ್ಲ. ಸಲಹೆಗಾರರಿಗೆ ಆಗದಿದ್ದರೆ ಅವರು ತೋರಿಸಿದವರು ಕೂರಬಹುದು ಅಂತಿದೆ. ಬನ್ನಿ ತಾಯಿ, ಇಲ್ಲಿ ಕೂತ್ಕೊಳ್ಳಿ."

ತಾವೇ ಬಳೆ ಸರಿಸಿ ಹಾಲಮ್ಮನ ಮಣಿಕಟ್ಟಿಗೆ ಪಟ್ಟಿ ಕಟ್ಟಿದರು. ವಲ್ಲಭನ ಬೆದರಿಕೆಯನ್ನು, ಬೆಳಿಗ್ಗೆ ಉಗ್ರಪ್ಪನಿಗೆ ಹೇಳಿದ ಹಾಗೆಯೇ, ಮಾರುಕಟ್ಟೆಯ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು. ಮಾತು ಮುಗಿಯುವ ಮೊದಲೇ ಮುಳ್ಳು ಬಿಳಿಯನ್ನು ದಾಟಿತು, ಕೆಂಪನ್ನು ಹೊಕ್ಕಿತು, ಕೊನೆಯ ಮೊಳೆಗೆ ಬಡಿದು ಅಲ್ಲೇ ಟಕಟಕ ಎನ್ನತೊಡಗಿತು.

"ಏನನ್ನಿಸ್ತಿದೆ ತಾಯಿ? ಹೇಳಿ."

"ನನ್ನ ಮಗಳು ತಾರಸಿ ಮೇಲೆ ಕೂತಿದ್ಲು" ಎಂದಳು ಹಾಲಮ್ಮ. "ಊರೆಲ್ಲ ಹಂಗೇ ಕೂತೈತೆ ಅಮ್ಮಾವ್ರೇ. ಕಾಲು ಇಳಿಬಿಟ್ಕೊಂಡು. ಹಿಡಿದು ಎಳೆಯೋರು ಯಾರೂ ಇಲ್ಲ."

ಅಧ್ಯಕ್ಷೆ ಮುಳ್ಳನ್ನೂ ಅವಳ ಮುಖವನ್ನೂ ಬಹಳ ಹೊತ್ತು ನೋಡಿದರು. "ನನಗೆ ಇಳೀತಾ ಇಲ್ಲ" ಎಂದರು ಮೆಲ್ಲಗೆ. "ಆದರೆ ನಂಬ್ತೀನಿ."

ಹೊತ್ತು ಮುಳುಗುವ ಮುಂಚೆ ಫೋನ್ ಬಂತು. ವಲ್ಲಭನ ದನಿ ಕೋಣೆಯೆಲ್ಲ ಕೇಳಿಸಿತು. ಎರಡು ನಾಡಿನ ಭಾಷೆ ಒಂದೇ, ಗಡಿ ಮಾತ್ರ ಬೇರೆ. ದನಿಗನ್ನಡಿಯಲ್ಲಿ ಅವನ ಭಯದ ಮುಳ್ಳು ಸತ್ತ ಹಾಗೆ ಬಿದ್ದಿತ್ತು.

"ಏನು ತೀರ್ಮಾನ, ನೀಲಾಂಬಿಕೆಯವರೇ?"

"ಜಂಬುಗುಡ್ಡ ಬಿಡ್ತೀವಿ. ಈಗಲೇ ಆಜ್ಞೆ ಕೊಡ್ತೀನಿ."

ಆ ಕಡೆ ಅವನು ನಕ್ಕ. "ಚೆನ್ನಾಗಿದೆ. ನನ್ನ ಯಂತ್ರ ಹೇಳ್ತಿದೆ, ನಿಮಗೆ ಎಳ್ಳಷ್ಟೂ ಭಯವಿಲ್ಲ. ಭಯವಿಲ್ಲದವರು ಗುಡ್ಡ ಯಾಕೆ ಬಿಡ್ತಾರೆ? ನಮ್ಮವರು ಹತ್ತಿದ ಮೇಲೆ ಅಲ್ಲಿ ಏನು ಕಾದಿದೆ? ಮೋಸ ಇದು."

"ಮೋಸ ಇಲ್ಲ."

"ದನಿ ಬೇರೆ ಹೇಳ್ತಿದೆ. ಕತ್ತಲಾಗಲಿ, ನಮ್ಮ ಕೆಲಸ ನಾವು ಮಾಡ್ತೀವಿ."

ಉಗ್ರಪ್ಪನಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಶತ್ರುವಿಗೆ ಕಾಣದಿರಲಿ ಎಂದು ಇಷ್ಟು ವರ್ಷ ಭಯವನ್ನು ಬಚ್ಚಿಟ್ಟರು. ಈಗ ಸೋತೆ ಎಂದರೂ ನಂಬಿಸುವುದಕ್ಕೆ ಇವರ ಬಳಿ ಏನೂ ಉಳಿದಿರಲಿಲ್ಲ. "ಅಮ್ಮಾವ್ರೇ, ಫೋನ್ ಇವಳಿಗೆ ಕೊಡಿ" ಎಂದ. "ಇವಳು ಮಾತಾಡಲಿ."

ನೀಲಾಂಬಿಕೆ ಯೋಚಿಸಲೂ ಇಲ್ಲ. ರಿಸೀವರನ್ನು ಹಾಲಮ್ಮನ ಕೈಗಿಟ್ಟರು.

"ಸ್ವಾಮೀ..." ಎಂದಳು ಹಾಲಮ್ಮ. ಬಳೆಗಳು ರಿಸೀವರಿಗೆ ತಾಗಿ ಕಿಣಿಕಿಣಿ ಎಂದವು.

"ಯಾರದು? ಏನು ಸದ್ದು ಅದು?"

"ಬಳೆ ಸ್ವಾಮಿ. ನಾನು ಹಾಲಮ್ಮ ಅಂತ. ಯಾರೂ ಅಲ್ಲ. ಅವರು ಗುಡ್ಡ ಬಿಡ್ತೀನಿ ಅಂದದ್ದು ನಿಜ. ನಾನಿಲ್ಲಿ ಹೆದರಿ ಸಾಯ್ತಿದೀನಿ, ಅದಕ್ಕೇ ಬಿಡ್ತಿರೋದು. ನಮ್ಮ ಹೊನ್ನಿಗೆ ಹತ್ತು ವರ್ಷ. ಬಾಂಬ್ ಹಾಕಬ್ಯಾಡಿ ಸ್ವಾಮಿ."

ಆ ಕಡೆ ಏನೋ ಕುರ್ಚಿ ಸರಿದ ಸದ್ದು. ಯಾರೋ ಪಿಸುಗುಟ್ಟಿದರು. ವಲ್ಲಭ ಮಾತಾಡಿದಾಗ ಅವನ ದನಿಯಲ್ಲಿ ನಗುವಿರಲಿಲ್ಲ, ಗೊಂದಲವಿತ್ತು. "ಮುಳ್ಳು ಇಷ್ಟು ದೂರ ಹೋಗಿದ್ದು ನಾನು ನೋಡೇ ಇಲ್ಲ" ಎಂದ. "ಏನಮ್ಮ, ಇದಕ್ಕೆ ನಾನೇನು ಮಾಡಲಿ? ನನಗೆ ಇದು ತಿಳಿಯೋದಿಲ್ಲ."

ನೀಲಾಂಬಿಕೆ ಬಾಗಿ ಕೇಳಿದರು. "ವಲ್ಲಭ, ನಿಮ್ಮ ಕಡೆ ಅಂಜುವವರು ಯಾರು?"

"ಆ ಹುದ್ದೆ ತೆಗೆದುಹಾಕಿದ್ವಿ. ಜನ ಬಹಳ ಟೀಕೆ ಮಾಡ್ತಿದ್ರು."

ಆ ಮಾತು ಕೇಳಿದ ಕ್ಷಣದಲ್ಲಿ ಉಗ್ರಪ್ಪನ ಅಂಗೈ ಬೆವರಿತು. ಇವತ್ತಿನ ಮಜ್ಜಿಗೆಯನ್ನೂ ಮೀರಿ, ಮೇಯಲು ಹೋಗಿದ್ದ ಹಸು ತಾನಾಗಿ ಮನೆಗೆ ಬಂದಂತೆ, ಭಯ ಬಂತು. ಮಧ್ಯಾಹ್ನ ಬರಬೇಕಿದ್ದುದು ಈಗ ಬಂತು. ಹೊನ್ನಿಯ ಎರಡು ಕಾಲು, ಬೀಳುತ್ತಿರುವ ಚಪ್ಪಲಿ, ತಡವಾಗಿ ಬಂದ ಆ ಸದ್ದು. ಅವನು ಮೇಜಿನ ಅಂಚು ಹಿಡಿದುಕೊಂಡ. ಆ ಕಡೆ ಒಂದು ಇಡೀ ದೇಶವನ್ನು ನಡೆಸುತ್ತಿರುವವರಲ್ಲಿ ಹೆದರುವವರು ಒಬ್ಬರೂ ಇಲ್ಲ. ಕಿಟಕಿಯಾಚೆ ಗುಡ್ಡಗಳ ನೆತ್ತಿಯಲ್ಲಿ ಬೆಳಕು ಬೆರಳಿನಷ್ಟೇ ಉಳಿದಿತ್ತು.

"ಹುಡುಕಿ ಸ್ವಾಮಿ" ಎಂದಳು ಹಾಲಮ್ಮ. "ನಿಮ್ಮ ಊರಲ್ಲಿ ಒಬ್ರಾದ್ರೂ ಇರ್ತಾರೆ. ಹನಿ ಸಾಲದೆ ಹೋದೋರು, ಮಕ್ಕಳಿಗೆ ಹಾಕಿ ತಾವು ಬಿಟ್ಟೋರು. ಕರೀರಿ. ನಾನು ಅವರ ಹತ್ರ ಮಾತಾಡ್ತೀನಿ."

ಫೋನ್ ಇಡುವ ಸದ್ದಿಗಾಗಿ ಉಗ್ರಪ್ಪ ಕಾದ. ಬರಲಿಲ್ಲ. ವಲ್ಲಭ ಯಾರಿಗೋ ಏನೋ ಹೇಳಿದ. ಬೂಟುಗಳು ಓಡಿದವು. ಬಾಗಿಲುಗಳು ತೆರೆದವು, ಮುಚ್ಚಿದವು. ದೂರದಲ್ಲಿ ಯಾರೋ 'ಇವರೂ ಇಲ್ಲ' ಎಂದರು. ಇನ್ನೊಂದು ಬಾಗಿಲು. ಕೋಣೆಯಲ್ಲಿ ಮೂವರೂ ಉಸಿರು ಬಿಗಿಹಿಡಿದಿದ್ದರು, ಇಬ್ಬರು ಭಯದಿಂದ, ಒಬ್ಬರು ಅವರನ್ನು ನೋಡಿ. ಗುಡ್ಡದ ಮೇಲಿನ ಬೆಳಕು ಹೋಯಿತು.

ಆಮೇಲೆ ಆ ಕಡೆಯಿಂದ ಒಂದು ಅಳು ಕೇಳಿಸಿತು, ಹತ್ತಿರ ಹತ್ತಿರ ಬಂತು. ಹೆಂಗಸಿನ ದನಿ. "ಅಯ್ಯೋ, ನನ್ನ ಯಾಕೆ ಹಿಡ್ಕೊಂಡು ಬಂದ್ರಿ? ನಾನೇನು ಮಾಡಿದೆ? ಮನೇಲಿ ಮಗು ಒಂದೇ ಐತೆ..."

ಮೇಜಿನ ಮೇಲೆ, ದನಿಗನ್ನಡಿಯಲ್ಲಿ, ಇಡೀ ಯುದ್ಧದಲ್ಲಿ ಮೊದಲ ಸಲ ಶತ್ರುವಿನ ಮುಳ್ಳು ಅಲುಗಿತು, ಎದ್ದಿತು, ಕೆಂಪಿನ ಕೊನೆಗೆ ಹೋಗಿ ಬಡಿಯಿತು.

ಹಾಲಮ್ಮ ರಿಸೀವರನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು.

"ಹೆದರವ್ವ" ಎಂದಳು. "ಚೆನ್ನಾಗಿ ಹೆದರು. ಅವರಿಗೆಲ್ಲ ಕೇಳಿಸಲಿ. ನಾನೂ ಹೆದರಿದೀನಿ."